ಕೂಸಿನ ಸಂಜೆಯೂ ತಂದೆಯ ಪಾಲೂ

ಆಯವ್ಯಯ, ಚುನಾವಣೆ, ಮಳೆ ಬೆಳೆಗಳ ವಿಚಾರಕ್ಕೆಂದು ಮೀಸಲಾದ ಈ ಸ್ಥಳದಲ್ಲಿ ತೊಟ್ಟಿಲು, ಗಿಲಕಿ, ಒಳಲೆಗಳ ಪ್ರಸ್ತಾಪವೇಕೆಂದು ಕೆಲವು ವಾಚಕ ಮಹಾಶಯರು ಹುಬ್ಬೇರಿಸಬಹುದು. ಹಾಗೆ ಹುಬ್ಬೇರಿಸುವವರು ಬಹುಮಟ್ಟಿಗೆ ಗಂಡಸರೇ ಆಗಿರುವರೆಂಬುದು ನಮಗೆ ಗೊತ್ತು. ಈ ಲೇಖನವನ್ನು ಅವರನ್ನು ಕುರಿತೇ ಬರೆದಿದ್ದೇವೆ.

ಬೆಂಗಳೂರಿನಂಥ ಪಟ್ಟಣದಲ್ಲಿ ನೌಕರಿಯಲ್ಲಿರುವ ತರುಣ ತಂದೆಯ ದಿನಚರಿ ಎಲ್ಲರಿಗೂ ತಿಳಿದದ್ದೇ. ಕೂಸು ಕಣ್ಣು ಬಿಡುವುದಕ್ಕೆ ಮುಂಚೆ ಅವನು ಮನೆ ಬಿಡುವನು. ಅದು ನಿದ್ರೆ ಹೋದ ಮೇಲೆ ಮನೆ ಸೇರುವನು. ನಡುವಣ ಹೊತ್ತಿನಲ್ಲಿ ಒಂದು ಭಾಗವನ್ನು ಕಚೇರಿಯೂ, ಉಳಿದದ್ದನ್ನು ರಸ್ತೆಯ ವಾಹನ ಸಂದಣಿಯೂ ನುಂಗಿಬಿಡುವುವು. ಹೀಗೆ ಅವನು ತನ್ನ ಮನೆಗೇ ಭಾನುವಾರದ ನೆಂಟನಾಗಿದ್ದಾನೆ. ಯಾರಿಗಾಗಿ ಇಷ್ಟು ದುಡಿಯುತ್ತೀಯೆ ಎಂದು ಕೇಳಿದರೆ, ಮಗುವಿಗಾಗಿ ಎನ್ನುವನು. ಅವನ ಮಾತು ಸುಳ್ಳಲ್ಲ. ಆದರೆ ಮೂರು ವರ್ಷದೊಳಗಿನ ಮಗುವಿಗೆ ಸಂಬಳದ ಅಂಕೆ ತಿಳಿಯದು. ಯಾರ ಹೆಗಲಿನ ವಾಸನೆ ಹೇಗಿದೆ ಎಂಬುದು ಮಾತ್ರ ಚೆನ್ನಾಗಿ ತಿಳಿಯುವುದು.

ಅವನು ಕಳೆದುಕೊಳ್ಳುತ್ತಿರುವುದಾದರೂ ಏನು? ಎಳೆಗೂಸಿನ ಅಭ್ಯಂಜನವನ್ನೇ ನೋಡೋಣ. ಅಜ್ಜಿಯು ಕಾಲು ನೀಡಿ ಕುಳಿತು, ಕೂಸನ್ನು ಕಾಲಿನ ಮೇಲೆ ಬೋರಲು ಮಲಗಿಸಿಕೊಂಡು, ಬೆನ್ನಿಗೆ ಎಣ್ಣೆ ನೀವಿ ಬಿಸಿನೀರು ಹೊಯ್ಯುತ್ತಾಳೆ. ಮೊದಲ ಚೊಂಬಿಗೆ ಓಣಿಯೆಲ್ಲ ಕೇಳುವಂತೆ ಕಿರಿಚುವ ಆ ಪ್ರಾಣಿಯು, ನಾಲ್ಕನೆಯ ಚೊಂಬಿನ ಹೊತ್ತಿಗೆ ಮುಷ್ಟಿ ಸಡಿಲಿಸಿ, ಯಾವುದೋ ದೊಡ್ಡ ವ್ಯವಹಾರವನ್ನು ತೀರ್ಮಾನಿಸಿದವರಂತೆ ಸುಮ್ಮನಾಗಿಬಿಡುತ್ತದೆ. ಹಳೆಯ ಮೆತ್ತನೆಯ ಸೀರೆಯಲ್ಲಿ ಸುತ್ತಿ ಎತ್ತಿಕೊಂಡಾಗ ಅದರ ನೆತ್ತಿಯಿಂದೇಳುವ ಬಿಸಿಯೂ ಕಂಪೂ ಯಾವ ಅಂಗಡಿಯಲ್ಲಿಯೂ ಕ್ರಯಕ್ಕೆ ದೊರೆಯತಕ್ಕವಲ್ಲ. ಈ ಕಾರ್ಯವನ್ನು ಒಮ್ಮೆಯೂ ಮಾಡದ, ಒಮ್ಮೆಯೂ ನೋಡದ ತಂದೆಯರು ನಮ್ಮಲ್ಲಿ ಎಷ್ಟು ಮಂದಿ!

ಆರು ತಿಂಗಳು ತುಂಬಿದ ಮೇಲೆ ಉಣಿಸುವ ಉತ್ಸವ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿದ ಹಿಟ್ಟಿನ ಸರಿಯಲ್ಲಿ ಕಾಲುಭಾಗ ಹೊಟ್ಟೆಗೂ ಮುಕ್ಕಾಲು ಭಾಗ ಮೂಗು, ಕೂದಲು, ಉಣಿಸುವವರ ಅಂಗಿಗೂ ಸಲ್ಲುವುದು. ಕಾಗೆಯನ್ನು ತೋರಿಸಿ ಒಂದು ತುತ್ತು, ಕರುವನ್ನು ತೋರಿಸಿ ಇನ್ನೊಂದು, ಚಂದ್ರನು ಮೂಡಿದ್ದರೆ ಅವನ ಲೆಕ್ಕದಲ್ಲಿ ಎರಡು. ಹತ್ತು ತಿಂಗಳಿನ ಮಗುವು ಚಮಚವನ್ನು ಕೆಳಗೆ ಬಿಸಾಡಿ, ಬಗ್ಗಿ ನೋಡಿ, ಎತ್ತಿಕೊಟ್ಟರೆ ಮತ್ತೆ ಬಿಸಾಡುವುದು. ಇದನ್ನು ತುಂಟತನವೆಂದು ಗದರುವವರುಂಟು. ಬಿಟ್ಟ ವಸ್ತುವು ಪ್ರತಿಸಲವೂ ಕೆಳಕ್ಕೇ ಬೀಳುವುದೋ ಎಂಬುದನ್ನು ಅದು ತಾಳ್ಮೆಯಿಂದ ಪರೀಕ್ಷಿಸುತ್ತಿದೆಯೆಂದು ನಾವು ತಿಳಿಯುತ್ತೇವೆ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗಿಲಕಿಯನ್ನು ಹಣ ಕೊಟ್ಟು ತಂದರೆ, ಅದನ್ನು ಬದಿಗೆ ಸರಿಸಿ ಅಡಿಗೆಮನೆಯ ಲೋಟ ಸೌಟುಗಳನ್ನೇ ಬಯಸುವ ರಸಿಕತೆಯೂ ಅದಕ್ಕುಂಟು. ಎರಡು ವರ್ಷದ ಮಗುವನ್ನು ಕೈಹಿಡಿದು ಬೀದಿಯ ತುದಿಯ ಅಂಗಡಿಗೆ ಕರೆದುಕೊಂಡು ಹೋದವರು ಬಲ್ಲರು: ಐದು ನಿಮಿಷದ ದಾರಿ ಅರ್ಧ ಗಂಟೆಯಾಗುವುದು, ಏಕೆಂದರೆ ಪ್ರತಿ ಕಲ್ಲೂ ಪ್ರತಿ ಇರುವೆಯೂ ವಿಚಾರಣೆಗೆ ಯೋಗ್ಯವಾದದ್ದು. ಹಸುವನ್ನು ಕಲಿತ ಹೊಸತರಲ್ಲಿ ನಾಯಿ, ಮೇಕೆ, ಕತ್ತೆಗಳೆಲ್ಲವೂ ಅದಕ್ಕೆ 'ಅಂಬಾ'.

ಇವೆಲ್ಲ ಹೆಂಗಸರ ಕಾಲಕ್ಷೇಪವೆಂದು ಭಾವಿಸುವ ವಿದ್ಯಾವಂತರಿಗೆ ಶಾಸ್ತ್ರಜ್ಞರ ಮಾತನ್ನು ಹೇಳಬೇಕಾಗಿದೆ. ಹುಟ್ಟಿದ ಶಿಶುವಿಗೆ ತಕ್ಕಮಟ್ಟಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರು ದೂರದವರೆಗೆ ಮಾತ್ರ. ಎದೆಹಾಲು ಕುಡಿಯುವಾಗ ತಾಯಿಯ ಮುಖಕ್ಕಿರುವ ದೂರವೂ ಸುಮಾರು ಅಷ್ಟೆ. ನವಜಾತ ಶಿಶುಗಳು ಪರಸ್ತ್ರೀಯ ಧ್ವನಿಗಿಂತ ತಮ್ಮ ತಾಯಿಯ ಧ್ವನಿಯನ್ನೇ ಬಯಸುವುವೆಂದು 1980ರಲ್ಲಿ ಅಮೆರಿಕದ ವಿದ್ವಾಂಸರು ಪ್ರಯೋಗದಿಂದ ತೋರಿಸಿದರು. ಒಂದೂವರೆ ಎರಡು ತಿಂಗಳಿನ ಹೊತ್ತಿಗೆ ಮುಖವನ್ನು ನೋಡಿ ನಗುವ ನಗೆ ಬರುವುದು. ಸೆರಗಿನ ಮರೆಯಲ್ಲಿ ಮುಖವಡಗಿಸಿ ಮತ್ತೆ ತೋರಿಸುವ ಆಟಕ್ಕೆ ಎಂಟು ತಿಂಗಳಿನ ಮಗು ಕೇಕೆ ಹಾಕುವುದೇಕೆಂದರೆ, ಕಾಣದಾದ ವಸ್ತುವು ಇಲ್ಲವಾಗಲಿಲ್ಲವೆಂಬ ತತ್ವವು ಅದಕ್ಕೆ ಆಗತಾನೆ ಹೊಳೆಯುತ್ತಿರುವುದು.

ಇನ್ನೊಂದು ಪ್ರಯೋಗವನ್ನು ಪ್ರತಿಯೊಬ್ಬ ತಂದೆಯೂ ತಾಯಿಯೂ ತಿಳಿದಿರತಕ್ಕದ್ದು. ಎಡ್ವರ್ಡ್ ಟ್ರೋನಿಕ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಹೋದ್ಯೋಗಿಗಳೂ 1978ರಲ್ಲಿ ಪ್ರಕಟಿಸಿದ್ದು ಅದು. ಕೂಸಿನೊಡನೆ ಆಡುತ್ತಿದ್ದ ತಾಯಿಗೆ, ಕೆಲವು ನಿಮಿಷಗಳ ಕಾಲ ಅದರೆದುರಿಗೇ ಕುಳಿತು ಮುಖದಲ್ಲಿ ಯಾವ ಭಾವವನ್ನೂ ತೋರದಿರುವಂತೆ ಹೇಳಿದರು. ಕೂಸು ಮೊದಲು ನಕ್ಕಿತು, ಕೈಚಾಚಿತು, ಬಗೆಬಗೆಯಾಗಿ ಕರೆಯಿತು. ಉತ್ತರ ಬಾರದಿರಲು ಮುಖ ತಿರುಗಿಸಿ ಮಂಕಾಗಿ ಕುಳಿತಿತು. ಇಂದು ಸಂಜೆ ನಮ್ಮ ಮನೆಗಳಲ್ಲಿ ಈ ಪ್ರಯೋಗವು ಪ್ರಯೋಗಶಾಲೆಯಿಲ್ಲದೆಯೇ ನಡೆಯುತ್ತಿದೆ. ಅಪ್ಪನು ಮನೆಯಲ್ಲಿಯೇ ಇರುವನು, ಎದುರಿಗೇ ಇರುವನು, ಆದರೆ ಅವನ ಮುಖವು ಅಂಗೈಯಲ್ಲಿರುವ ಮೊಬೈಲಿಗೆ ಮಾರಿಹೋಗಿದೆ. ಮಗು ಹಟ ಮಾಡಿದರೆ ಅದೇ ಯಂತ್ರವನ್ನು ಅದರ ಕೈಗೂ ಕೊಡುವನು. ಎರಡು ವರ್ಷದೊಳಗಿನ ಮಕ್ಕಳಿಗೆ ತೆರೆಯ ದರ್ಶನವೇ ಬೇಡವೆಂದೂ, ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿತು. ಚಂದ್ರನನ್ನು ತೋರಿಸಿ ಉಣಿಸುತ್ತಿದ್ದವರು ಆ ಸೂಚನೆಗೆ ಕಾದಿರಲಿಲ್ಲ.

ಹಾಗೆಂದು ಹಳೆಯದೆಲ್ಲವೂ ಚಿನ್ನವೆಂದು ನಾವು ವಾದಿಸುವವರಲ್ಲ. ಹುಟ್ಟಿದ ಕೂಸಿನ ನಾಲಗೆಗೆ ಜೇನು ಸವರುವುದು ಅಪಾಯಕರ. ವರ್ಷ ತುಂಬುವವರೆಗೆ ಜೇನು ಕೊಡಬಾರದೆಂದು ವೈದ್ಯರು ಹೇಳುವುದು ಸಕಾರಣವಾಗಿದೆ. ತೊಟ್ಟಿಲಿಗೆ ಹೊಗೆ ಹಾಕುವುದೂ ಎಳೆಯ ಶ್ವಾಸಕೋಶಕ್ಕೆ ಹಿತವಲ್ಲ. ಅಜ್ಜಿಯರು ಕೋಪಿಸಿಕೊಳ್ಳಬಾರದು.

ಈಗ ಕಾಯಿದೆಯ ಮಾತು. ಹೆರಿಗೆ ಸೌಲಭ್ಯದ 1961ರ ಕಾಯಿದೆಗೆ 2017ರಲ್ಲಿ ತಿದ್ದುಪಡಿ ತಂದು, ಮೊದಲ ಎರಡು ಮಕ್ಕಳ ಹೆರಿಗೆಗೆ ಸಂಬಳಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿದರು. 50 ಅಥವಾ ಅದಕ್ಕೆ ಮೇಲ್ಪಟ್ಟು ನೌಕರರಿರುವ ಸಂಸ್ಥೆಗಳು ಶಿಶುಗೃಹಗಳನ್ನಿಡಬೇಕೆಂದೂ ವಿಧಿಸಿದರು. ಅದು ಸ್ತುತ್ಯವಾದ ಕಾರ್ಯ. ಆದರೆ ತಂದೆಗೆ ರಜೆಯೆಂಬ ಮಾತು ಆ ತಿದ್ದುಪಡಿಯಲ್ಲಿ ಎಲ್ಲಿಯೂ ಬರಲಿಲ್ಲ. ಕೇಂದ್ರ ಸರ್ಕಾರದ ಪುರುಷ ನೌಕರನಿಗೆ 15 ದಿನಗಳ ಪಿತೃತ್ವ ರಜೆಯುಂಟು. ಖಾಸಗಿ ನೌಕರನು ಯಜಮಾನನ ಔದಾರ್ಯವನ್ನು ನೆಚ್ಚಿಕೊಳ್ಳಬೇಕು. ಸ್ವೀಡನ್ ದೇಶವು 1974ರಲ್ಲಿಯೇ ಶಿಶುಪಾಲನೆಯ ರಜೆಯನ್ನು ತಾಯಿತಂದೆಗಳಿಬ್ಬರಿಗೂ ತೆರೆದಿಟ್ಟಿತು. ಆದರೂ ಬಹುಮಂದಿ ತಂದೆಯರು ತಮ್ಮ ಪಾಲನ್ನು ಹೆಂಡತಿಯ ಹೆಸರಿಗೆ ವರ್ಗಮಾಡಿ ಕೈತೊಳೆದುಕೊಂಡರು. 1995ರಲ್ಲಿ ಒಂದು ತಿಂಗಳನ್ನು ಹಾಗೆ ವರ್ಗಮಾಡಲಾಗದಂತೆ ಕಟ್ಟುಮಾಡಿದ ಮೇಲೆ ಅಲ್ಲಿನ ತಂದೆಯರು ಮನೆಯಲ್ಲಿ ಕುಳಿತರು. ಗಂಡಸಿನ ಸ್ವಭಾವವು ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ಇದರಿಂದ ವ್ಯಕ್ತವಾಗುವುದು.

ಕಚೇರಿಯೂ ಇಲ್ಲದ, ರಜೆಯೂ ಇಲ್ಲದ ತಾಯಿಯರ ವಿಷಯವು ಬೇರೆ. ಕಟ್ಟಡದ ಕೆಲಸದವಳು ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ, ಮೇಲಿನ ಮಗುವನ್ನು ಕಾವಲಿಗೆ ಕೂರಿಸಿ ಜಲ್ಲಿ ಹೊರುತ್ತಾಳೆ. ಕಾವಲಿನ ಮಗುವಿನದೂ ಇನ್ನೂ ಆಡುವ ವಯಸ್ಸೇ. ನಮ್ಮ ನಾಡಿನಲ್ಲಿ ಅಂಗನವಾಡಿಗಳು 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಿಂದ ಆರಂಭವಾದುವು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ಹೆಂಗಸರ ಕೂಸುಗಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವ ಯೋಜನೆಯು 2023ರಲ್ಲಿ ಹೊರಟಿತು. ಹೆಸರು ಇಂಪಾಗಿದೆ. ಅಲ್ಲಿ ಕೂಸನ್ನು ಎತ್ತಿಕೊಳ್ಳುವ ಕೈಗಳು ಸಾಕಷ್ಟಿವೆಯೇ, ಆ ಕೈಗಳಿಗೆ ಸಂಬಳವು ತಿಂಗಳು ತಿಂಗಳೂ ಸಲ್ಲುತ್ತಿದೆಯೇ ಎಂಬುದನ್ನು ಪಂಚಾಯಿತಿಯ ಸದಸ್ಯರು ಸ್ವತಃ ಹೋಗಿ ನೋಡತಕ್ಕದ್ದು; ಪಟ್ಟಣಗಳ ಕಟ್ಟಡಗಳ ಬಳಿಯೂ ಇಂಥ ಮನೆಗಳು ಏಳತಕ್ಕದ್ದು.

ಶಾಸನಸಭೆಯು ತಂದೆಯ ರಜೆಯನ್ನು ವಿಧಿಸುವವರೆಗೆ ಕಾರ್ಖಾನೆ ಕಚೇರಿಗಳ ಯಜಮಾನರು ಕೈಕಟ್ಟಿ ಕುಳಿತಿರಬೇಕಾದುದಿಲ್ಲ. ಮೂರು ವರ್ಷದೊಳಗಿನ ಮಗುವಿರುವ ನೌಕರನನ್ನು ವಾರಕ್ಕೆ ಮೂರು ದಿನವಾದರೂ ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟುವಂತೆ ಬಿಟ್ಟುಕೊಟ್ಟರೆ ಯಾವ ಉದ್ಯಮವೂ ಮುಳುಗುವುದಿಲ್ಲ. ಅನ್ಯರಿಗೆ ಹೇಳುವ ಮುನ್ನ ನಮ್ಮ ಮುದ್ರಣಾಲಯದಲ್ಲಿ ಈ ಏರ್ಪಾಡನ್ನು ಮುಂದಿನ ತಿಂಗಳಿನಿಂದ ಜಾರಿಗೆ ತರುತ್ತಿದ್ದೇವೆ, ಸಂಬಳದಲ್ಲಿ ಕಡಿತವಿಲ್ಲ. ರಾತ್ರಿಯ ಪಾಳಿಯವರಿಗೆ ಸಂಜೆಯ ಬಿಡುವು ಕೊಡುವುದು ದಿನಪತ್ರಿಕೆಯಲ್ಲಿ ಅಸಾಧ್ಯ. ಅವರಿಗೆ ಬೆಳಗಿನ ಸ್ನಾನದ ಹೊತ್ತು ಇದೆ. ನೀರು ಕಾಯಿಸುವ ಕೆಲಸವನ್ನು ಅವರು ವಹಿಸಿಕೊಳ್ಳಲಿ.