ಒಂದು ಕಪ್ ಅಂದ್ರೆ ಎಷ್ಟು ಗ್ರಾಂ?

ಯಾವುದರ ಕಪ್ ಅಂತ ಹೇಳದೆ ಈ ಪ್ರಶ್ನೆಗೆ ಉತ್ತರ ಇಲ್ಲ. ಹೇಳಿದ ಮೇಲೂ ಗ್ಯಾರಂಟಿ ಇಲ್ಲ :-)

ಮೈಲಿಯನ್ನು ಕಿಲೋಮೀಟರಿಗೆ ಬದಲಿಸೋದು ಸುಲಭ, ಒಂದು ಸಂಖ್ಯೆಯಿಂದ ಗುಣಿಸಿದರೆ ಮುಗೀತು. ಅಳತೆಯನ್ನು ತೂಕ ಮಾಡೋದು ಹಾಗಲ್ಲ, ನಡುವೆ ಸಾಂದ್ರತೆ ಬಂದು ಕೂರುತ್ತೆ. ಅಮೆರಿಕದ ಒಂದು ಕಪ್ ಸುಮಾರು 237 ಮಿಲಿ. ಅದರಲ್ಲಿ ಸಕ್ಕರೆ ಸುಮಾರು 200 ಗ್ರಾಂ ಹಿಡಿಯುತ್ತೆ. ಮೈದಾ? ಚಮಚದಲ್ಲಿ ಹಗುರವಾಗಿ ತುಂಬಿಸಿದರೆ 120, ಡಬ್ಬಕ್ಕೇ ಕಪ್ ಅದ್ದಿ ಎತ್ತಿದರೆ 150ರ ಹತ್ತಿರ. ಕಾಲು ಭಾಗ ವ್ಯತ್ಯಾಸ ಸ್ವಾಮಿ! ಇನ್ನು ಆಸ್ಟ್ರೇಲಿಯಾಕ್ಕೆ ಹೋದರೆ ಕಪ್ಪೇ 250 ಮಿಲಿ, ಅಲ್ಲಿನ ಟೇಬಲ್ ಚಮಚ 20 ಮಿಲಿ, ಅಮೆರಿಕದ್ದು 15. ಫ್ಯಾನಿ ಫಾರ್ಮರ್ 1896ರ ತಮ್ಮ ಅಡುಗೆ ಪುಸ್ತಕದಲ್ಲಿ ಕಪ್ಪನ್ನು ಮಟ್ಟಸವಾಗಿ ತುಂಬಬೇಕು ಅಂತ ಪಟ್ಟು ಹಿಡಿದರು. ಮೇಲಿನ ಗೋಪುರ ಹೋಯ್ತು, ಒಳಗಿನ ಗಾಳಿ ಹಾಗೇ ಉಳೀತು.

ಹಾಗಂತ ಲೋಟದ ಲೆಕ್ಕವೇ ತಪ್ಪು ಅನ್ನೋ ಪಕ್ಷ ನನ್ನದಲ್ಲ. ಇಡ್ಲಿಗೆ ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದು ಅಂದಾಗ ಲೋಟ ಯಾವುದು ಅನ್ನೋದು ಮುಖ್ಯವಲ್ಲ, ಅನುಪಾತ ಮುಖ್ಯ. ಎರಡಕ್ಕೂ ಒಂದೇ ಲೋಟ ಬಳಸಿದರೆ ಸಾಕು. ಇದಕ್ಕೆ ತಕ್ಕಡಿ ತರೋದು ಬರೀ ಶೋಕಿ.

ಗೋಳು ಶುರುವಾಗೋದು ಒಂದು ಪದಾರ್ಥ ಎಣಿಕೆಯಲ್ಲಿ, ಇನ್ನೊಂದು ಪಾತ್ರೆಯಲ್ಲಿ ಇದ್ದಾಗ. ಉಪ್ಪಿನಕಾಯಿಯನ್ನೇ ತಗೊಳ್ಳಿ. ಇಷ್ಟು ಮಾವಿನಕಾಯಿಗೆ ಇಷ್ಟು ಪಾವು ಉಪ್ಪು ಅಂತ ಅಜ್ಜಿಯರ ಲೆಕ್ಕ. ಪಾವು ಅಂದರೆ ಕಾಲು ಸೇರು, ಸರಿ. ಸೇರು ಎಷ್ಟು? ತೂಕದ ಸೇರಾದರೆ 80 ತೊಲ, ಅಂದರೆ ಸುಮಾರು 933 ಗ್ರಾಂ. ಅಳತೆಯ ಸೇರೇ ಬೇರೆ, ಅದೂ ಊರಿಂದೂರಿಗೆ ಬೇರೆ. 1956ರ ಕಾಯ್ದೆ ಬಂದು ಮೆಟ್ರಿಕ್ ಶುರುವಾದರೂ ಪಾವು ಅಡುಗೆಮನೆ ಬಿಟ್ಟು ಹೋಗಲಿಲ್ಲ. ಆದರೆ ಉಪ್ಪು ಬದಲಾಯ್ತು! ಅಜ್ಜಿಯದು ಹರಳುಪ್ಪು, ಹರಳುಗಳ ಮಧ್ಯೆ ಗಾಳಿ ಜಾಸ್ತಿ. ಪುಡಿಯುಪ್ಪು ಅದೇ ಪಾವಿನಲ್ಲಿ ಹೆಚ್ಚು ತೂಗುತ್ತೆ. ಹಾಗೇ ಹಾಕಿದರೆ ಬಾಯಿಗಿಡೋಕಾಗಲ್ಲ, ಹೆದರಿ ತೀರಾ ಕಮ್ಮಿ ಮಾಡಿದರೆ ಬೂಷ್ಟು ಹಿಡಿದು ಇಡೀ ಜಾಡಿ ತಿಪ್ಪೆಗೆ.

ಅದಕ್ಕೇ ನನ್ನ ವಾದ ಇಷ್ಟೇ. ಸಿದ್ಧ ಕೋಷ್ಟಕ ನೋಡಿ ಮನೆಯ ಅಳತೆಯನ್ನು ಗ್ರಾಂ ಮಾಡಬೇಡಿ. ಕೋಷ್ಟಕಕ್ಕೆ ನಿಮ್ಮ ಅಮ್ಮನ ಕೈ ಗೊತ್ತಿಲ್ಲ. ಕೆಲವೇ ನೂರು ರೂಪಾಯಿಗೆ ಡಿಜಿಟಲ್ ತಕ್ಕಡಿ ಸಿಗುತ್ತೆ. ಅವರು ಉಪ್ಪಿನಕಾಯಿ ಹಾಕೋ ದಿನ ಪಾತ್ರೆಯನ್ನು ಅದರ ಮೇಲಿಟ್ಟು ಸೊನ್ನೆ ಮಾಡಿ. ಅವರು ಎಂದಿನಂತೆ ಗೋಪುರ ಕಟ್ಟಿಯೇ ಅಳೆದು ಹಾಕಲಿ, ತಿದ್ದೋಕೆ ಹೋಗಬೇಡಿ. ಮಾವಿನಕಾಯಿ ಹೋಳು ಎಷ್ಟು ತೂಗಿತು, ಉಪ್ಪು ಎಷ್ಟು, ಹರಳೋ ಪುಡಿಯೋ, ಖಾರದಪುಡಿ ಎಷ್ಟು ಅಂತ ಬರ್ಕೊಳ್ಳಿ. ಮುಂದಿನ ವರ್ಷ ಇನ್ನೊಮ್ಮೆ ತೂಗಿ ತಾಳೆ ನೋಡಿ. ಪಾವು ಕಳೆದುಹೋದರೂ, ಅಳೆಯೋ ಕೈ ಇಲ್ಲದೇ ಹೋದರೂ ಆ ಚೀಟಿ ಕೆಲಸಕ್ಕೆ ಬರುತ್ತೆ.

ಅಂದಹಾಗೆ ನಿಮ್ಮನೇಲಿ ಹಳೇ ಪಾವು ಇದ್ದರೆ ನೀರು ತುಂಬಿಸಿ ತೂಗಿ ನೋಡಿ. ಎಷ್ಟು ಗ್ರಾಂ ಬಂತು, ಯಾವೂರಿನ ಪಾವು, ನನಗೂ ಹೇಳಿ..