‘ಮೊಟ್ಟಮೊದಲು’ ಎಂಬ ಪದದ ದುರ್ಬಳಕೆ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾನು ಮಾಡಲಿರುವ ಭಾಷಣದ ಪ್ರತಿಯನ್ನು ತಿದ್ದಿಕೊಡಲು ಕಳುಹಿಸಿದ್ದ. ಭಾಷೆ ಚೆನ್ನಾಗಿತ್ತು. ಆದರೆ ಒಂದು ವಾಕ್ಯದ ಬಳಿ ನನ್ನ ಕೆಂಪು ಶಾಯಿ ನಿಂತಿತು: ‘ಎಲೆಕ್ಟ್ರಾನಿನ ಸ್ಪಿನ್ನನ್ನು ವಿದ್ಯುತ್ ಪ್ರವಾಹವನ್ನಾಗಿ ಮಾರ್ಪಡಿಸಿದ್ದು ಮೊಟ್ಟಮೊದಲು 2006ರಲ್ಲಿ.’ ಕೇಳಿದರೆ, “ಎಲ್ಲರೂ ಹಾಗೆಯೇ ಬರೆಯುತ್ತಾರೆ ಸಾರ್” ಎಂದ. ನನ್ನ ತಕರಾರೂ ಅದೇ.

ಎಲೆಕ್ಟ್ರಾನಿಗೆ ವಿದ್ಯುದಂಶವಿರುವಂತೆ ಸ್ಪಿನ್ ಎಂಬ ಗುಣವೂ ಉಂಟು. ಅಳೆದಾಗ ಅದು ಮೇಲ್ಮುಖ ಇಲ್ಲವೇ ಕೆಳಮುಖ. (ಅದು ಬುಗುರಿಯಂತೆ ತಿರುಗುತ್ತದೆಂದು ನಾನು ತರಗತಿಯಲ್ಲಿ ಹೇಳಿದ್ದರೆ, ದಯವಿಟ್ಟು ಮರೆತುಬಿಡಿ.) ಹರಳಿನೊಳಗೆ ಚಲಿಸುವಾಗ ಮೇಲ್ಮುಖದವು ಒಂದು ಪಕ್ಕಕ್ಕೂ ಕೆಳಮುಖದವು ಇನ್ನೊಂದು ಪಕ್ಕಕ್ಕೂ ವಾಲುತ್ತವೆಂದು ಲೆನಿನ್‌ಗ್ರಾಡಿನ ದ್ಯಾಕೊನೊವ್ ಮತ್ತು ಪೆರೆಲ್ 1971ರಲ್ಲಿಯೇ ಹೇಳಿದರು. ಎರಡೂ ಸಮಸಂಖ್ಯೆಯಲ್ಲಿದ್ದರೆ ಪಕ್ಕಕ್ಕೆ ವಿದ್ಯುತ್ ಹರಿಯದು. ಒಂದು ಬಗೆಯವು ಹೆಚ್ಚಾದರೆ ಅಡ್ಡಲಾಗಿ ಪ್ರವಾಹ ಹುಟ್ಟಲೇಬೇಕು. ಅದನ್ನು ಕಾಣುವ ದಾರಿಯನ್ನು 1983ರಲ್ಲಿ ಅವೆರ್ಕಿಯೆವ್ ಮತ್ತು ದ್ಯಾಕೊನೊವ್ ಸೂಚಿಸಿದರು. ಅರೆವಾಹಕದ ಮೇಲೆ ವೃತ್ತಾಕಾರವಾಗಿ ಧ್ರುವೀಕರಿಸಿದ ಬೆಳಕನ್ನು ಚೆಲ್ಲಿದರೆ, ಅದು ಎಬ್ಬಿಸುವ ಎಲೆಕ್ಟ್ರಾನುಗಳಲ್ಲಿ ಒಂದು ದಿಕ್ಕಿನ ಸ್ಪಿನ್ ಹೆಚ್ಚಾಗಿರುತ್ತದೆ. ಬೆಳಕಿನ ಸುತ್ತನ್ನು ತಿರುಗುಮುರುಗು ಮಾಡಿದರೆ ಪ್ರವಾಹದ ದಿಕ್ಕೂ ತಿರುಗಬೇಕು. ಮರುವರ್ಷವೇ, 1984ರಲ್ಲಿ, ಬಕುನ್ ಮತ್ತು ಸಂಗಡಿಗರು ಆ ಪ್ರವಾಹವನ್ನು ಕಂಡು ಪ್ರಕಟಿಸಿದರು.

ಸೋವಿಯತ್ ಪತ್ರಿಕೆಗಳನ್ನು ಓದುವವರಾರು ಎಂಬ ನೆಪ ಸಲ್ಲದು. ಆ ಪತ್ರಿಕೆಯ ಇಂಗ್ಲಿಷ್ ಅನುವಾದ ಅಮೆರಿಕದಿಂದಲೇ ಹೊರಡುತ್ತಿತ್ತು. 1999ರಲ್ಲಿ ಹಿರ್ಶ್ ಅವರು ‘ಸ್ಪಿನ್ ಹಾಲ್ ಪರಿಣಾಮ’ ಎಂದು ಹೆಸರಿಟ್ಟರು. ನಾಮಕರಣದ ದಿನವೇ ಮಗು ಹುಟ್ಟಿತೆಂದು ಲೋಕ ನಂಬಿತು!

2006ರ ಕೆಲಸ ಸಣ್ಣದೆಂದು ನಾನು ಹೇಳುತ್ತಿಲ್ಲ. ಜಪಾನಿನ ಸೈತೊ ಮತ್ತು ಸಂಗಡಿಗರು ಪ್ಲಾಟಿನಂನಲ್ಲಿ, ಕೋಣೆಯ ಉಷ್ಣತೆಯಲ್ಲಿಯೇ, ಇದನ್ನು ಸಾಧಿಸಿದರು. ಆದರೆ ಪ್ಲಾಟಿನಂ ಲೋಹ. ನನ್ನ ಶಿಷ್ಯನ ವಾಕ್ಯಕ್ಕೆ ‘ಲೋಹದಲ್ಲಿ’ ಎಂಬ ಒಂದೇ ಪದ ಸೇರಿಸಿದ್ದರೆ ನಾನು ಸುಮ್ಮನಿರುತ್ತಿದ್ದೆ.

ಇಷ್ಟು ಸಿಟ್ಟೇಕೆ ಎಂದು ಬಂಧುಗಳು ಕೇಳಬಹುದು. ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ತಂತಿಯಿಲ್ಲದ ಅಲೆಗಳನ್ನು ಕಳುಹಿಸಿ ತೋರಿಸಿದ್ದನ್ನು ಲೋಕ ಮರೆತಿತೆಂದು ಎದೆ ಬಡಿದುಕೊಳ್ಳುವವರು ನಾವೇ ಅಲ್ಲವೇ? ಲೆನಿನ್‌ಗ್ರಾಡಿನವರಿಗೆ ಅದನ್ನೇ ಮಾಡಲು ನಮಗೆ ಯಾವ ಹಕ್ಕಿದೆ? ನಾನೂ ನಿರಪರಾಧಿಯಲ್ಲ. ‘ಕಂಡುಹಿಡಿದವರು ಯಾರು?’ ಎಂದು ಒಂದು ಅಂಕದ ಪ್ರಶ್ನೆ ಕೊಟ್ಟು, ಒಂದೇ ಹೆಸರಿಗೆ ಸರಿ ಗುರುತು ಹಾಕುತ್ತ ಮೂರು ದಶಕ ಕಳೆದವನು ನಾನು.

ಭಾಷಣ ಬರುವ ಶನಿವಾರ. ತಿದ್ದಿದ ಪ್ರತಿಯನ್ನು ಕಳುಹಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.