ನೂರು ಮೀಟರಿನಾಚೆಗೂ ಮನೆಗಳಿವೆ

ಬೆಂಗಳೂರಿನ ಮಾಗಡಿ ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಎರಡನೆಯ ಮಹಡಿಯಲ್ಲಿ, ನೂರೈವತ್ತು ಮಂದಿ ಕೂರಬಹುದಾದ ಒಂದು ಪಾರ್ಟಿ ಹಾಲ್ ಇದೆ. ಅದರ ಮಾಲಕರು ನಮ್ಮ ಸಮುದಾಯದವರು, ನಮಾಝ್ ತಪ್ಪಿಸದವರು, ರಮಝಾನಿನಲ್ಲಿ ಲೆಕ್ಕ ಹಾಕಿ ಝಕಾತ್ ಕೊಡುವವರು. ಇತ್ತೀಚೆಗೆ ಅವರು ಒಂದು ಪ್ರಶ್ನೆಯೊಂದಿಗೆ ನಮ್ಮ ಬಳಿಗೆ ಬಂದರು. ಹಾಲ್ ಕೇಳಿಕೊಂಡು ಬರುವವರಲ್ಲಿ ಅನೇಕರು ಬಾಡಿಗೆ ಎಷ್ಟೆಂದು ಕೇಳುವುದಕ್ಕೂ ಮೊದಲು ‘ಡ್ರಿಂಕ್ಸ್‌ಗೆ ಪರ್ಮಿಟ್ ಸಿಗುತ್ತದೆಯೇ’ ಎಂದು ಕೇಳುತ್ತಾರಂತೆ. ಇಲ್ಲವೆಂದರೆ ಮುಂದಿನ ಬೀದಿಯ ಹಾಲಿಗೆ ಹೋಗುತ್ತಾರಂತೆ. ಏಜೆಂಟನೊಬ್ಬ ಅವರಿಗೆ ದಾರಿ ಹೇಳಿಕೊಟ್ಟಿದ್ದಾನೆ. ಒಂದು ದಿನದ ಸಮಾರಂಭಕ್ಕೆಂದು ಅಬಕಾರಿ ಇಲಾಖೆ ಕೊಡುವ ಸಿ.ಎಲ್.-5 ಲೈಸೆನ್ಸನ್ನು ಸಮಾರಂಭದವರೇ ಪಡೆದುಕೊಳ್ಳುತ್ತಾರೆ, ಶುಲ್ಕವನ್ನೂ ಅವರೇ ಕಟ್ಟುತ್ತಾರೆ, ಮದ್ಯವನ್ನೂ ಅವರೇ ತರುತ್ತಾರೆ. ಹಾಲಿನವರು ಮಾಡಬೇಕಾದದ್ದು ಇಷ್ಟೇ: ಆಕ್ಷೇಪವಿಲ್ಲವೆಂಬ ಪತ್ರಕ್ಕೆ ಒಂದು ಸಹಿ.

“ನಾವು ಮಾರುವುದಿಲ್ಲ, ಮುಟ್ಟುವುದಿಲ್ಲ, ಕುಡಿಯುವುದಿಲ್ಲ. ಕೇವಲ ಒಂದು ಸಹಿಯಲ್ಲವೇ?” ಎಂಬುದು ಅವರ ಪ್ರಶ್ನೆ.

ಇದೇ ಸಹೋದರರು ಕೆಲವು ವರ್ಷಗಳ ಹಿಂದೆ ಇನ್ನೊಂದು ಕಾಗದಕ್ಕೂ ಸಹಿ ಮಾಡಿದ್ದರು. ತಮ್ಮ ಮಸೀದಿಯ ಸಮೀಪ ಬಾರೊಂದು ತೆರೆಯಲಿದೆಯೆಂಬ ಸುದ್ದಿ ಹಬ್ಬಿದಾಗ ಮಸೀದಿ ಸಮಿತಿ ಸಲ್ಲಿಸಿದ ಆಕ್ಷೇಪಣಾ ಪತ್ರವದು. ಒಂದೇ ಕೈ ಒಂದು ಕಾಗದದಲ್ಲಿ ‘ಆಕ್ಷೇಪವಿದೆ’ ಎಂದೂ ಇನ್ನೊಂದರಲ್ಲಿ ‘ಆಕ್ಷೇಪವಿಲ್ಲ’ ಎಂದೂ ಬರೆಯಬಹುದೇ? ಈ ಪ್ರಶ್ನೆ ಅವರೊಬ್ಬರದಲ್ಲ. ಮದ್ಯದ ವಿರುದ್ಧ ಭಾಷಣ ಬಿಗಿಯುವ ನಮ್ಮೆಲ್ಲರದು.

ಕಾನೂನು ಮಸೀದಿಗೆ ಒಂದು ರಕ್ಷಣೆಯನ್ನು ಕೊಟ್ಟಿದೆ. 1967ರ ಕರ್ನಾಟಕ ಅಬಕಾರಿ ಲೈಸೆನ್ಸುಗಳ ಸಾಮಾನ್ಯ ಷರತ್ತುಗಳ ನಿಯಮಾವಳಿಯ ಐದನೆಯ ನಿಯಮವು ಆರಾಧನಾಲಯ, ಶಾಲೆ ಮತ್ತು ಆಸ್ಪತ್ರೆಗಳಿಂದ ನೂರು ಮೀಟರಿನೊಳಗೆ ಮದ್ಯದಂಗಡಿ ಕೂಡದೆಂಬ ನಿರ್ಬಂಧವನ್ನು ಹೇಳುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರೇ ಹೆಚ್ಚಾಗಿರುವ ವಸತಿ ಪ್ರದೇಶವನ್ನೂ ಅದು ಹೆಸರಿಸುತ್ತದೆ. ಈ ನೂರು ಮೀಟರನ್ನು ಅಳೆಯುವುದು ಪಾದಚಾರಿಯು ಸಾಮಾನ್ಯವಾಗಿ ನಡೆಯುವ ದಾರಿಯಲ್ಲಿ, ಬಾಗಿಲಿನಿಂದ ಗೇಟಿನವರೆಗೆ. ಹಾಗಾಗಿ ಅಂಗಡಿಯ ಬಾಗಿಲನ್ನು ಪಕ್ಕದ ರಸ್ತೆಗೆ ತಿರುಗಿಸಿದರೆ ತೊಂಬತ್ತು ಮೀಟರು ನೂರಹತ್ತಾಗುತ್ತದೆ. ಟೇಪು ಹಿಡಿದ ಅಧಿಕಾರಿ ಅಳೆದು, ಬರೆದು, ಹೊರಟುಹೋಗುತ್ತಾನೆ. ನಾವೂ ಹೆಚ್ಚೆಂದರೆ ಆ ಹತ್ತು ಮೀಟರಿಗಾಗಿ ಜಗಳವಾಡಿ ಸುಮ್ಮನಾಗುತ್ತೇವೆ.

ಆದರೆ ಮದ್ಯವು ಹಾಳುಗೆಡಹುವುದು ಮಸೀದಿಯನ್ನೇ? ನೂರಹತ್ತನೆಯ ಮೀಟರಿನಲ್ಲಿ ಒಂದು ಮನೆಯಿದೆ. ಅಲ್ಲಿ ಒಬ್ಬ ತಾಯಿ ರಾತ್ರಿ ಹನ್ನೊಂದರವರೆಗೆ ಬಾಗಿಲಿಗೆ ಕಿವಿಗೊಟ್ಟು ಕುಳಿತಿರುತ್ತಾಳೆ. ಅವಳ ಹೆಸರು ಫಾತಿಮಾ ಇರಬಹುದು, ಲಕ್ಷ್ಮಮ್ಮ ಇರಬಹುದು, ಮೇರಿ ಇರಬಹುದು. ಆ ಮನೆಯಿಂದ ಮದ್ಯದಂಗಡಿ ಎಷ್ಟು ಮೀಟರ್ ದೂರವಿರಬೇಕೆಂದು ಯಾವ ನಿಯಮವೂ ಹೇಳಿಲ್ಲ. ಮಸೀದಿಯ ಗೋಡೆಯ ಪಾವಿತ್ರ್ಯದ ಬಗ್ಗೆ ಸಿಟ್ಟಿಗೇಳುವ ನಾವು ಆ ಮನೆಯ ಬಗ್ಗೆ ಎಂದಾದರೂ ಅರ್ಜಿ ಬರೆದಿದ್ದೇವೆಯೇ?

‘ಕೇವಲ ಒಂದು ಸಹಿ’ಯ ವಿಚಾರಕ್ಕೆ ಬರೋಣ. ಮದ್ಯದ ಕುರಿತು ಪ್ರವಾದಿ ಮುಹಮ್ಮದ್(ಸ)ರ ಎಚ್ಚರಿಕೆ ಕುಡಿಯುವವನಿಗೆ ಮಾತ್ರ ಸೀಮಿತವಾಗಿರಲಿಲ್ಲ. ತಿರ್ಮಿದಿ ಮತ್ತು ಇಬ್ನು ಮಾಜಾ ಗ್ರಂಥಗಳಲ್ಲಿರುವ ಪ್ರಸಿದ್ಧ ಹದೀಸಿನಲ್ಲಿ ಹತ್ತು ಮಂದಿ ಶಾಪಗ್ರಸ್ತರು. ಹಿಂಡುವವನು, ಹಿಂಡಿಸುವವನು, ಕುಡಿಯುವವನು, ಹೊರುವವನು, ಹೊರಿಸಿಕೊಳ್ಳುವವನು, ಬಡಿಸುವವನು, ಮಾರುವವನು, ಅದರ ಹಣವನ್ನು ಉಣ್ಣುವವನು, ಕೊಳ್ಳುವವನು, ಯಾರಿಗಾಗಿ ಕೊಳ್ಳಲಾಯಿತೋ ಅವನು. ಹತ್ತರಲ್ಲಿ ಬಾಯಿಗಿಟ್ಟವನು ಒಬ್ಬನೇ! ಉಳಿದವರೆಲ್ಲ ಆ ಲೋಟವನ್ನು ಬಾಯಿಯವರೆಗೆ ತಲಪಿಸಿದ ಸರಪಳಿಯ ಕೊಂಡಿಗಳು. ಪಾಪದ ಕೆಲಸದಲ್ಲಿ ಪರಸ್ಪರ ನೆರವಾಗಬೇಡಿರೆಂದು ಪವಿತ್ರ ಕುರ್‌ಆನಿನ ಅಲ್ ಮಾಇದಾ ಅಧ್ಯಾಯ ಆದೇಶಿಸುತ್ತದೆ. ಮದ್ಯವನ್ನು ಅಂತಿಮವಾಗಿ ನಿಷೇಧಿಸಿದ ಸೂಕ್ತವೂ ಅದೇ ಅಧ್ಯಾಯದಲ್ಲಿದೆ.

ಇಲ್ಲಿ ಕೆಲವರು ಫಿಕ್ಹ್ ಗ್ರಂಥಗಳ ಮೊರೆ ಹೋಗುತ್ತಾರೆ. ಮುಸ್ಲಿಮೇತರರು ಮದ್ಯ ಮಾರುವ ಮನೆಯ ಬಾಡಿಗೆಯ ಕುರಿತು ಇಮಾಮ್ ಅಬೂ ಹನೀಫಾ(ರ) ಒಂದು ಸಡಿಲಿಕೆ ನೀಡಿದ್ದರೆಂಬುದು ನಿಜ. ಆದರೆ ಅವರ ಪ್ರಮುಖ ಶಿಷ್ಯರಾದ ಇಮಾಮ್ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಅದನ್ನು ಒಪ್ಪಲಿಲ್ಲ. ಮೇಲಾಗಿ ಆ ಮಾತು ಮುಸ್ಲಿಮೇತರರೇ ಹೆಚ್ಚಾಗಿದ್ದ ಅಂದಿನ ಇರಾಕಿನ ಹಳ್ಳಿಗಳ ಹಿನ್ನೆಲೆಯದು. ಬಡ್ಡಿಯ ವಿಷಯದಲ್ಲಾಗಲಿ, ಹೆಣ್ಣುಮಕ್ಕಳ ಆಸ್ತಿಹಕ್ಕಿನ ವಿಷಯದಲ್ಲಾಗಲಿ ಗ್ರಂಥಗಳ ಧೂಳು ಕೊಡವದ ನಾವು ಬಾಡಿಗೆಯ ಹಣ ಕಣ್ಣೆದುರಿಗೆ ಬಂದಾಗ ಮಾತ್ರ ಹನ್ನೆರಡು ಶತಮಾನಗಳ ಹಿಂದಿನ ಅಭಿಪ್ರಾಯಭೇದವನ್ನು ಹುಡುಕುತ್ತೇವೆಂದರೆ, ಅಲ್ಲಿ ಮಾತನಾಡುತ್ತಿರುವುದು ಫಿಕ್ಹ್ ಅಲ್ಲ, ಕಿಸೆ.

ಪಾರ್ಟಿ ಹಾಲಿನ ಸಹೋದರರನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದೂ ಅನ್ಯಾಯ. ರಸ್ತೆ ಬದಿಯ ತಮ್ಮ ಕಟ್ಟಡದ ನೆಲ ಅಂತಸ್ತನ್ನು ಬಾರಿಗೆ ಕೊಟ್ಟು, ಆ ಬಾಡಿಗೆಯಲ್ಲಿ ಉಮ್ರಾಕ್ಕೆ ಹೋಗಿ ಬರುವವರು ನಮ್ಮಲ್ಲಿಲ್ಲವೇ? ಅಂಥವರ ದೇಣಿಗೆಯನ್ನು ಮರುಪ್ರಶ್ನೆಯಿಲ್ಲದೆ ಸ್ವೀಕರಿಸಿ, ಅವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಸಮಿತಿಗಳಿಲ್ಲವೇ? ಅಂತಸ್ತಿನ ಪ್ರದರ್ಶನಕ್ಕಾಗಿ, ಪಕ್ಕದ ಕೋಣೆಯಲ್ಲೇ ಬಾರ್ ನಡೆಯುತ್ತಿರುವ ತಾರಾ ಹೋಟೆಲುಗಳಲ್ಲಿ ವಲೀಮಾ ಏರ್ಪಡಿಸುವ ಶ್ರೀಮಂತರು, ಅಲ್ಲಿಗೆ ಹೋಗಿ ದುಆ ಮಾಡಿ ಉಂಡು ಬರುವ ವಿದ್ವಾಂಸರು ನಮ್ಮಲ್ಲಿಲ್ಲವೇ? ಸಮುದಾಯದ ಹಣವಂತರು ಹಲಾಲ್ ಹಾಲನ್ನು ಬಿಟ್ಟು ಹೋಟೆಲಿಗೆ ಹೋಗುತ್ತಿರುವಾಗ, ಅಡ್ಡರಸ್ತೆಯ ಸಣ್ಣ ಮಾಲಕನಿಗೆ ಮಾತ್ರ ತವಕ್ಕುಲ್ ಬೋಧಿಸುವುದು ಸುಲಭದ ಧರ್ಮ.

ಇನ್ನು ಸರಕಾರದ ಮಾತು. ಸಂವಿಧಾನದ 47ನೆಯ ವಿಧಿಯು ಆರೋಗ್ಯಕ್ಕೆ ಹಾನಿಕರವಾದ ಮಾದಕ ಪಾನೀಯಗಳ ನಿಷೇಧಕ್ಕೆ ಪ್ರಯತ್ನಿಸುವುದು ಸರಕಾರದ ಕರ್ತವ್ಯವೆನ್ನುತ್ತದೆ. ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಸುಪ್ರೀಮ್ ಕೋರ್ಟು 1994ರಲ್ಲಿ ಸಾರಿತು. ಅದು ನಮ್ಮ ಬೆಂಗಳೂರಿನದೇ ಆದ ಖೋಡೆ ಡಿಸ್ಟಿಲರೀಸ್ ಪ್ರಕರಣ. ಆದರೆ ಕರ್ನಾಟಕ ನಡೆದುಬಂದ ದಾರಿ ಯಾವುದು? 1967ರಲ್ಲಿ ಪಾನನಿಷೇಧ ಹೋಯಿತು. 1981ರ ಜುಲೈಯಲ್ಲಿ ಬೆಂಗಳೂರಿನ ಬಡವರು ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅದು ಒಳ್ಳೆಯ ಹೆಜ್ಜೆ. ಆದರೆ ಸಾರಾಯಿ ಹೋದ ಜಾಗಕ್ಕೆ ವಿಸ್ಕಿ, ರಮ್ಮುಗಳ ಅಗ್ಗದ ಪ್ಯಾಕೆಟ್ಟು ಬಂದಿತು. ಮದ್ಯದ ಸಗಟು ವ್ಯಾಪಾರಕ್ಕಾಗಿ ಸರಕಾರ 2003ರಲ್ಲಿಯೇ ತನ್ನದೇ ನಿಗಮವನ್ನು ಸ್ಥಾಪಿಸಿಕೊಂಡಿತ್ತು. ಎಂ.ಎಸ್.ಐ.ಎಲ್. ಹೆಸರಿನಲ್ಲಿ ಚಿಲ್ಲರೆ ಅಂಗಡಿಯನ್ನೂ ತೆರೆಯಿತು. ಅಬಕಾರಿ ಆದಾಯದ ಗುರಿ 2023-24ರಲ್ಲಿ 36,000 ಕೋಟಿ ರೂಪಾಯಿ, 2025-26ರ ಬಜೆಟಿನಲ್ಲಿ 40,000 ಕೋಟಿ ರೂಪಾಯಿ. ಕರ್ತವ್ಯವನ್ನು ಗುರಿಯಾಗಿಸಿಕೊಳ್ಳಬೇಕಾದವರು ಕುಡಿತವನ್ನೇ ಗುರಿಯಾಗಿಸಿಕೊಂಡರೆ ಅಬಕಾರಿ ಅಧಿಕಾರಿ ಏನು ಮಾಡಬೇಕು?

2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯು ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವಂಥದ್ದು. ಸ್ವಾಗತಾರ್ಹ. ಆದರೆ ಅವಳ ಗಂಡನ ಕಿಸೆಯಿಂದ ಅದೇ ಸರಕಾರ ಎಷ್ಟು ಎತ್ತಿಕೊಳ್ಳುತ್ತದೆಂಬ ಲೆಕ್ಕ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ವೈನ್ ಶಾಪ್ ಮತ್ತು ಬಾರುಗಳಿಗೆ ಹೊಸ ಲೈಸೆನ್ಸ್ ಕೊಡುವುದನ್ನು 1992ರ ಸುಮಾರಿಗೆ ನಿಲ್ಲಿಸಲಾಗಿತ್ತು. ಪರಿಣಾಮವಾಗಿ ಕುಡಿತ ಕಡಿಮೆಯಾಗಲಿಲ್ಲ, ಹಳೆಯ ಲೈಸೆನ್ಸುಗಳ ಬೆಲೆ ಏರಿತು. ವಸತಿಗೃಹಗಳಿಗೆಂದು ಇರುವ ಸಿ.ಎಲ್.-7 ಲೈಸೆನ್ಸು ಬಾರ್ ತೆರೆಯುವವರಿಗೆ ಹಿಂಬಾಗಿಲಾಯಿತು. 2023ರ ಸೆಪ್ಟೆಂಬರಿನಲ್ಲಿ ಗ್ರಾಮ ಪಂಚಾಯತುಗಳಿಗೂ ಹೊಸ ಅಂಗಡಿ ಕೊಡುವ ಯೋಚನೆ ಹೊರಬಿದ್ದು, ಜನರು ಛೀಮಾರಿ ಹಾಕಿದ ಮೇಲೆ ಹಿಂದೆ ಸರಿಯಿತು. 2025ರ ಬಜೆಟಿನಲ್ಲಿ ಲೈಸೆನ್ಸುಗಳ ಇ-ಹರಾಜಿನ ಘೋಷಣೆಯಾಯಿತು. ಇಲಾಖೆಯ ಭ್ರಷ್ಟಾಚಾರದ ವಿರುದ್ಧ ಸ್ವತಃ ಮದ್ಯ ಮಾರಾಟಗಾರರ ಒಕ್ಕೂಟವೇ 2024ರ ನವೆಂಬರ್ 20ರಂದು ಅಂಗಡಿ ಮುಚ್ಚುವ ಕರೆ ಕೊಟ್ಟು, ಬಳಿಕ ಹಿಂತೆಗೆದುಕೊಂಡಿತು. ಮಾರುವವರಿಗೇ ಸಹಿಸಲಾಗದ ಇಲಾಖೆಯು ಕುಡಿಯದವರ ಅರ್ಜಿಗೆ ಎಷ್ಟು ಬೆಲೆ ಕೊಟ್ಟೀತು?

ಪಶ್ಚಿಮ ಬೆಂಗಳೂರಿನ ಬಡಾವಣೆಗಳ ಹೆಸರುಗಳೇ ನಮ್ಮನ್ನು ನಾಚಿಸಬೇಕು. ರಾಜಾಜಿನಗರಕ್ಕೆ ಯಾರ ಹೆಸರಿದೆಯೋ ಆ ಸಿ. ರಾಜಗೋಪಾಲಾಚಾರಿಯವರು ಮದರಾಸು ಪ್ರಾಂತದ ಪ್ರಧಾನಿಯಾಗಿ 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ಜಾರಿಗೊಳಿಸಿದವರು. ಬೊಕ್ಕಸಕ್ಕೆ ನಷ್ಟವಾಗುತ್ತದೆಂದು ಅವರು ಕೈಕಟ್ಟಿ ಕೂರಲಿಲ್ಲ. 1939ರಲ್ಲಿ ಮಾರಾಟ ತೆರಿಗೆ ತಂದು ಬೇರೆ ದಾರಿ ಕಂಡುಕೊಂಡರು. 1971ರಲ್ಲಿ ತಮಿಳುನಾಡು ಸರಕಾರ ನಿಷೇಧವನ್ನು ಸಡಿಲಿಸಹೊರಟಾಗ, ತೊಂಬತ್ತು ದಾಟಿದ ಆ ವೃದ್ಧರು ಸುರಿವ ಮಳೆಯಲ್ಲಿ ಮುಖ್ಯಮಂತ್ರಿಯ ಮನೆ ಬಾಗಿಲಿಗೆ ಹೋಗಿ ಬೇಡಿಕೊಂಡರು. ಅವರ ಹೆಸರಿನ ಬಡಾವಣೆಯಲ್ಲಿ 2024ರ ಜನವರಿಯಲ್ಲಿ ಏನಾಯಿತು? ಪಬ್ಬೊಂದರಲ್ಲಿ ವೇಳೆ ಮೀರಿ ಪಾರ್ಟಿ ನಡೆಯಿತೆಂಬ ಆರೋಪದ ಮೇಲೆ ಪೊಲೀಸರು ಪ್ರಕರಣ ದಾಖಲಿಸಿ, ಚಿತ್ರನಟರಿಗೆ ನೋಟೀಸು ಕೊಡಬೇಕಾಯಿತು. ವೇಳೆ ಮೀರುವುದನ್ನು ತಡೆಯಲು ಸರಕಾರ ಕಂಡುಕೊಂಡ ಉಪಾಯವೋ ಅದ್ಭುತ! ಅದೇ ವರ್ಷದ ಜುಲೈ ಕೊನೆಯಲ್ಲಿ ಬೆಂಗಳೂರಿನ ಬಾರುಗಳ ವೇಳೆಯನ್ನೇ ರಾತ್ರಿ ಒಂದು ಗಂಟೆಯವರೆಗೆ ವಿಸ್ತರಿಸಿತು.

ನಮ್ಮ ಧರ್ಮದ ಕಟ್ಟಳೆಯನ್ನು ಇತರರ ಮೇಲೇಕೆ ಹೇರಬೇಕೆಂದು ಕೇಳುವವರಿದ್ದಾರೆ. ಹಾಲ್ ಕೊಡಲು ಒಲ್ಲೆನೆನ್ನುವುದು ಹೇರಿಕೆಯಲ್ಲ, ತನ್ನ ಕೈಯನ್ನು ತಾನು ಹಿಂತೆಗೆದುಕೊಳ್ಳುವುದು. ಇನ್ನು ಮದ್ಯವಿರೋಧವು ಮುಸ್ಲಿಮರ ಗುತ್ತಿಗೆಯೇ? 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ನಡೆದುಬಂದ ಸಾವಿರಾರು ಹೆಂಗಸರು ಯಾರು? ರಾಯಚೂರು ಮತ್ತಿತರ ಜಿಲ್ಲೆಗಳ ಕೂಲಿಕಾರ ಮಹಿಳೆಯರು. ದಾರಿಯಲ್ಲಿ ಅವರಲ್ಲೊಬ್ಬರು ವಾಹನ ಬಡಿದು ಪ್ರಾಣ ಕಳೆದುಕೊಂಡರು. ಅವರು ಕುರ್‌ಆನ್ ಓದಿದವರಲ್ಲ, ಆದರೆ ಮದ್ಯದಲ್ಲಿ ಲಾಭಕ್ಕಿಂತ ಹಾನಿಯೇ ದೊಡ್ಡದೆಂಬ ಅದರ ಮಾತನ್ನು ಬದುಕಿನಲ್ಲಿ ಓದಿದವರು. ಅವರ ಜೊತೆ ನಮ್ಮ ಎಷ್ಟು ಜಮಾಅತ್‌ಗಳು ಹೆಜ್ಜೆ ಹಾಕಿದವು?

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಮದ್ಯದಂಗಡಿಗೆ ಮಸೀದಿ ಸಮಿತಿಯು ಒಂಟಿಯಾಗಿ ಆಕ್ಷೇಪ ಸಲ್ಲಿಸುವುದನ್ನು ಬಿಡಬೇಕು. ನೆರೆಯ ದೇವಸ್ಥಾನದ, ಚರ್ಚಿನ, ಶಾಲೆಯ ಪ್ರಮುಖರನ್ನೂ ಬೀದಿಯ ಗೃಹಿಣಿಯರನ್ನೂ ಜೊತೆಗೂಡಿಸಿ ಒಂದೇ ಅರ್ಜಿ ಬರೆಯಬೇಕು. ಅಬಕಾರಿ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ನವೀಕರಣದ ಸಮಯಕ್ಕೆ ಮುಂಚೆಯೇ ಆ ಅರ್ಜಿಯು ಅಬಕಾರಿ ಉಪ ಆಯುಕ್ತರ ಕಚೇರಿಯಲ್ಲಿ ಇರಬೇಕು. ಎರಡನೆಯದಾಗಿ, ಅಂಗಡಿ ಮತ್ತು ಹಾಲ್‌ಗಳ ಬಾಡಿಗೆ ಕರಾರಿನಲ್ಲಿ ಮದ್ಯಕ್ಕೆ ಅವಕಾಶವಿಲ್ಲವೆಂಬ ಒಂದು ಸಾಲನ್ನು ನಮ್ಮ ಮಾಲಕರು ಸೇರಿಸಬೇಕು. ಮೂರನೆಯದಾಗಿ, ಮದ್ಯದ ಬಾಡಿಗೆಯಿಂದ ಬಂದ ದೇಣಿಗೆಯನ್ನು ಮಸೀದಿಗಳು ವಿನಯದಿಂದಲೇ ನಿರಾಕರಿಸಬೇಕು. ನಾಲ್ಕನೆಯದಾಗಿ, ನಮ್ಮಲ್ಲಿ ಕುಡಿಯುವವರೇ ಇಲ್ಲವೆಂಬ ಸೋಗನ್ನು ಕಳಚಬೇಕು. ಖುಲಾ ಕೋರಿ ಬರುವ ಹೆಣ್ಣುಮಕ್ಕಳ ಅಹವಾಲನ್ನು ಕೇಳಿದ ಯಾವ ಖಾಝಿಯೂ ಆ ಸೋಗನ್ನು ನಂಬಲಾರರು. ಅಂಥ ಯುವಕನನ್ನು ಬಹಿಷ್ಕರಿಸುವ ಬದಲು ಕೈಹಿಡಿದು ನಿಮ್ಹಾನ್ಸಿನ ವ್ಯಸನ ಚಿಕಿತ್ಸಾ ಕೇಂದ್ರಕ್ಕೆ ಕರೆದೊಯ್ಯುವ ಇಬ್ಬರು ಪ್ರತಿ ಮೊಹಲ್ಲಾದಲ್ಲೂ ಇರಲಿ.

ಐದನೆಯದು ಹಾಲಿನ ಸಹೋದರರಿಗೆ ಸಂಬಂಧಿಸಿದ್ದು. ಅವರ ನಷ್ಟ ನಿಜವಾದದ್ದು. ಬ್ಯಾಂಕಿನ ಕಂತು, ಕೆಲಸದವರ ಸಂಬಳ, ಕರೆಂಟ್ ಬಿಲ್ಲುಗಳು ಉಪದೇಶದಿಂದ ತೀರುವುದಿಲ್ಲ. ಸಹಿ ಹಾಕಬೇಡಿರೆಂದು ಅವರಿಗೆ ಹೇಳುವ ಹಕ್ಕು ನಮಗಿರಬೇಕಾದರೆ, ನಮ್ಮ ಅಕೀಕಾ, ನಿಕಾಹ್, ವಲೀಮಾ, ಮಕ್ಕಳ ಬಹುಮಾನ ವಿತರಣೆಗಳು ಅವರ ಹಾಲಿಗೆ ಹೋಗಬೇಕು. ಮದ್ಯವಿಲ್ಲದ ಸಭಾಂಗಣವನ್ನು ಹುಡುಕುವ ಹಿಂದೂ, ಕ್ರೈಸ್ತ ಕುಟುಂಬಗಳೂ ರಾಜಾಜಿನಗರದಿಂದ ಕೆಂಗೇರಿಯವರೆಗೆ ಸಾಕಷ್ಟಿವೆ. ‘ಇಲ್ಲಿ ಮದ್ಯಕ್ಕೆ ಅವಕಾಶವಿಲ್ಲ’ ಎಂಬ ಫಲಕವನ್ನು ಮುಜುಗರದಿಂದಲ್ಲ, ಹೆಮ್ಮೆಯಿಂದ ತೂಗುಹಾಕಿದರೆ ಅವರೂ ಬಂದಾರು.

ಆ ಸಹೋದರರಿಗೆ ನಾವು ಹೇಳಿದ್ದು ಇಷ್ಟೇ: ಮದೀನಾದಲ್ಲಿ ನಿಷೇಧದ ಕೂಗು ಕೇಳಿಸಿದಾಗ ಜನರು ಮದ್ಯವನ್ನು ಬೀದಿಗೆ ಚೆಲ್ಲಿದರು. ಯಾರೂ ನೂರು ಮೀಟರ್ ಅಳೆಯಲಿಲ್ಲ, ಹಾಕಿದ ಬಂಡವಾಳವನ್ನು ಲೆಕ್ಕ ಹಾಕಲಿಲ್ಲ. ಅವರು ಮೌನವಾಗಿ ಕೇಳಿಸಿಕೊಂಡು, ಪತ್ರವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋದರು. ಸಹಿ ಮಾಡುತ್ತಾರೋ ಇಲ್ಲವೋ ನಮಗೆ ತಿಳಿಯದು. ಅದು ಅವರೊಬ್ಬರ ಈಮಾನಿನ ಪರೀಕ್ಷೆ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಮುಂದಿನ ತಿಂಗಳು ಅವರ ಹಾಲಿನಲ್ಲಿ ನಮ್ಮ ಎಷ್ಟು ಸಮಾರಂಭಗಳು ನಡೆಯುತ್ತವೆಂಬುದರಲ್ಲಿ ಪರೀಕ್ಷೆಯ ಅರ್ಧ ಅಂಕ ನಮ್ಮದೂ ಇದೆ.